ಬರಹಗಾರರಿಗೆ ಸಲಹೆ: ಉಪಪ್ರಭೇದಗಳ ಪಟ್ಟಿ ಲೇಖನವಲ್ಲ

ಆತ್ಮೀಯರೇ,

ಮರುಭೂಮಿಯ ಹಾಡುಹಕ್ಕಿ ಡೆಸರ್ಟ್ ಲಾರ್ಕ್‌ನ ವರ್ಗೀಕರಣವನ್ನೂ ಪ್ರಾದೇಶಿಕ ಉಪಪ್ರಭೇದಗಳನ್ನೂ ಕುರಿತು ನೀವು ಕಾರವಾರದಿಂದ ಕಳಿಸಿದ ಲೇಖನವನ್ನು ಶಿರಸಿಯ ನಮ್ಮ ಪತ್ರಿಕೆಯಲ್ಲಿ ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ವಿಷಯ ನಿಜಕ್ಕೂ ಒಳ್ಳೆಯದು. ಆದ್ದರಿಂದಲೇ ಕಾರಣಗಳನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಉತ್ತರ ಆಫ್ರಿಕಾದಿಂದ ಭಾರತದ ವಾಯವ್ಯ ಅಂಚಿನವರೆಗೆ ಹಬ್ಬಿರುವ ಇಪ್ಪತ್ತಕ್ಕೂ ಹೆಚ್ಚು ಉಪಪ್ರಭೇದಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆದಿದ್ದೀರಿ. ಆದರೆ ಒಂದೇ ಪ್ರಭೇದದಲ್ಲಿ ಇಷ್ಟು ಉಪಪ್ರಭೇದಗಳೇಕೆ ಎಂಬ ಪ್ರಶ್ನೆಯನ್ನು ಲೇಖನ ಎಲ್ಲಿಯೂ ಕೇಳುವುದಿಲ್ಲ. ಉತ್ತರ ನಿಮ್ಮ ಪಟ್ಟಿಯ ನಡುವೆಯೇ ಇದೆ. ಜೋರ್ಡಾನ್ ಮತ್ತು ದಕ್ಷಿಣ ಸಿರಿಯಾದ ಕಪ್ಪು ಲಾವಾ ನೆಲದಲ್ಲಿರುವ ‘ಅನ್ನೆ’ ಗಾಢ ಬಣ್ಣದ್ದು. ಈಜಿಪ್ಟಿನಿಂದ ಅರೇಬಿಯಾ, ಇರಾಕ್‌ಗಳವರೆಗಿನ ‘ಇಸಬೆಲಿನಾ’ ಮರಳಿನಂತೆ ಮಸುಕು. ಯಾಣದ ಬಂಡೆಗಳ ಕಪ್ಪನ್ನೂ ಕಾರವಾರ ಕಡಲತೀರದ ಮರಳನ್ನೂ ಕಂಡ ನಮ್ಮ ಓದುಗರಿಗೆ ಈ ಅಂತರವನ್ನು ಕಣ್ಣಿಗೆ ಕಟ್ಟಿಸುವುದು ಕಷ್ಟವಲ್ಲ. (ಯಾಣದ್ದು ಸುಣ್ಣಕಲ್ಲು, ಜೋರ್ಡಾನಿನದು ಬಸಾಲ್ಟ್ ಎಂಬುದನ್ನು ಮಾತ್ರ ಮರೆಯದೆ ಹೇಳಿ.) ನಿಮ್ಮ ಲೇಖನದ ಜೀವ ಇಲ್ಲಿದೆ, ಅದಕ್ಕೆ ನೀವು ಕೊಟ್ಟಿರುವುದು ಒಂದೇ ವಾಕ್ಯ.

ಆ ಒಂದು ವಾಕ್ಯವೂ ತಪ್ಪು. ಹಕ್ಕಿ ತಾನಿರುವ ನೆಲಕ್ಕೆ ತಕ್ಕಂತೆ ಬಣ್ಣ ಬದಲಿಸಿಕೊಳ್ಳುತ್ತದೆ ಎಂದಿದ್ದೀರಿ. ಯಾವ ಲಾರ್ಕ್ ಕೂಡ ಹಾಗೆ ಮಾಡುವುದಿಲ್ಲ. ನೆಲದಲ್ಲೇ ಮೇಯುವ, ನೆಲದಲ್ಲೇ ಗೂಡು ಮಾಡುವ ಈ ಹಕ್ಕಿಗಳಲ್ಲಿ ನೆಲದ ಬಣ್ಣಕ್ಕೆ ಹೊಂದದವು ಬೇಟೆಗಾರ ಪ್ರಾಣಿಪಕ್ಷಿಗಳ ಕಣ್ಣಿಗೆ ಸುಲಭವಾಗಿ ಬೀಳುತ್ತವೆ, ಹೊಂದುವವು ಹೆಚ್ಚಾಗಿ ಉಳಿದು ಮರಿ ಮಾಡುತ್ತವೆ. ಹೀಗೆ ತಲೆಮಾರುಗಳ ನಂತರ ಒಂದು ಪ್ರದೇಶದ ಸಮುದಾಯವೇ ಬೇರೆ ಬಣ್ಣ ತಳೆಯುತ್ತದೆ.

ಉಪಪ್ರಭೇದಗಳ ನಡುವೆ ಬೇಲಿ ಹಾಕಿದಂತೆ ಗಡಿಗಳನ್ನು ಬರೆದಿರುವುದೂ ಸರಿಯಲ್ಲ. ನೆಲ ನಿಧಾನವಾಗಿ ಬದಲಾಗುವಲ್ಲಿ ಹಕ್ಕಿಯ ಬಣ್ಣವೂ ನಿಧಾನವಾಗಿಯೇ ಬದಲಾಗುತ್ತದೆ. ಜೊತೆಗೆ ಬಿಸಿಲು ಮತ್ತು ಸವೆತದಿಂದ ಗರಿಗಳು ಮಾಸುವುದರಿಂದ, ಹೊಸ ಗರಿ ಬಂದ ಹಕ್ಕಿಯನ್ನು ತಿಂಗಳುಗಟ್ಟಲೆ ಸವೆದ ಗರಿಯ ಹಕ್ಕಿಯೊಡನೆ ಹೋಲಿಸಿದರೆ ಇಲ್ಲದ ವ್ಯತ್ಯಾಸ ಕಾಣುತ್ತದೆ. ಬಣ್ಣವನ್ನು ವರ್ಣಿಸುವಾಗ ಹಕ್ಕಿ ಯಾವ ಋತುವಿನದು ಎಂಬುದನ್ನೂ ಬರೆಯಬೇಕು.

ವೈಜ್ಞಾನಿಕ ಹೆಸರಿನಲ್ಲಿ, ಹಕ್ಕಿಯನ್ನು ಮೊದಲು ಹೆಸರಿಸಿದವರನ್ನೂ ವರ್ಷವನ್ನೂ ಹೇಳುವ ಲಿಚ್ಟೆನ್‌ಸ್ಟೈನ್, 1823 ಎಂಬುದನ್ನು ಆವರಣ ಚಿಹ್ನೆಯೊಳಗೆ ಹಾಕಿ. ಅವರು ಈ ಹಕ್ಕಿಯನ್ನು ಅಲೌಡಾ ಕುಲದಲ್ಲಿ (ಹತ್ತಿರದ ನೆಂಟ ಪ್ರಭೇದಗಳ ಗುಂಪಿನಲ್ಲಿ) ಇಟ್ಟಿದ್ದರು, ಈಗ ಅದು ಅಮ್ಮೊಮೇನಿಸ್‌ನಲ್ಲಿದೆ. ಕುಲ ಬದಲಾದದ್ದನ್ನು ಆ ಚಿಹ್ನೆ ಸೂಚಿಸುತ್ತದೆ. ನಮೀಬಿಯಾ ಕಡೆಯ ಗ್ರೇಸ್ ಲಾರ್ಕ್ ಅನ್ನು ಇದೇ ಕುಲದಲ್ಲಿ ಉಳಿಸಿದ್ದೀರಿ. ಅದನ್ನು ಅಮ್ಮೊಮನೋಪ್ಸಿಸ್ ಎಂಬ ಬೇರೆ ಕುಲಕ್ಕೆ ಸೇರಿಸಲಾಗಿದೆ. ಮಸುಕು ಬಣ್ಣ ಮರುಭೂಮಿಯ ಲಾರ್ಕ್‌ಗಳಲ್ಲಿ ಮತ್ತೆ ಮತ್ತೆ ಬೇರೆಬೇರೆಯಾಗಿ ಮೂಡಿದೆ, ಅದನ್ನು ನೆಚ್ಚಿ ನೆಂಟಸ್ತನ ಹೇಳಲಾಗದು.

ಪಟ್ಟಿಯಲ್ಲಿ ‘ಅನ್ನೆ’, ‘ಇಸಬೆಲಿನಾ’ ಮತ್ತು ನಮ್ಮ ದೇಶಕ್ಕೂ ಸೇರಿದ ‘ಫೀನಿಕ್ಯುರಾಯ್ಡಿಸ್’ ಈ ಮೂರನ್ನಷ್ಟೇ ಇಟ್ಟುಕೊಂಡು, ಕರ್ನಾಟಕದ ಬಯಲುಸೀಮೆಯಲ್ಲಿಯೇ ಇರುವ ಇದೇ ಕುಲದ ರೂಫಸ್-ಟೇಲ್ಡ್ ಲಾರ್ಕ್‌ನಿಂದ ಲೇಖನವನ್ನು ಆರಂಭಿಸಿ, ಮತ್ತೆ ಬರೆದು ಕಳಿಸಿ. ನಾನೇ ಓದುತ್ತೇನೆ.

ಸಂಪಾದಕ