ಗಂಡ-ಹೆಂಡತಿ ಒಪ್ಪಂದ ಬರೆದಿಟ್ಟರೆ ನಡೆಯುತ್ತಾ?

ಪ್ರಶ್ನೆ: ಮದುವೆಯಾಗಿ ಆರು ವರ್ಷ. ಹೋದ ವರ್ಷ ಅಡಿಕೆ ತೋಟಕ್ಕೆ ಬೋರ್‌ವೆಲ್ ತೆಗೆಸಲು ತವರಿನವರು ಕೊಟ್ಟ ಐದು ಪವನ್ ಚಿನ್ನ ಮಾರಿ ಹಣ ಕೊಟ್ಟೆ. ತೋಟ ಗಂಡನ ಹೆಸರಿನಲ್ಲಿದೆ. ಈಗ ಒಪ್ಪಂದ ಬರೆದಿಡೋಣ ಅಂತಾರೆ, ಮುಂದೆ ಬೇರೆಯಾದರೆ ಜೀವನಾಂಶ ಬೇಡ ಅಂತಲೂ ಸೇರಿಸಬೇಕಂತೆ. ಸಹಿ ಹಾಕಲಾ?
- ಓದುಗರೊಬ್ಬರು, ಬದಿಯಡ್ಕ

ಉತ್ತರ: ಜೀವನಾಂಶದ ಸಾಲು ಇದ್ದರೆ ಸಹಿ ಹಾಕಬೇಡಿ ತಂಗಿ. ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಒಪ್ಪಂದ ನಡೆಯದು ಅನ್ನುವ 1872ರ ಕರಾರು ಕಾಯ್ದೆಯ 23ನೇ ಕಲಮಿನ ಮುಂದೆ ಅಂಥ ಷರತ್ತು ನಿಲ್ಲುವುದಿಲ್ಲ, ಆದರೂ ಸುಮ್ನೆ ಬರೆದುಕೊಟ್ಟರೆ ನಾಳೆ ಅದನ್ನೇ ತೋರಿಸಿ ನಿಮ್ಮನ್ನು ಹೆದರಿಸಬಹುದು, ಅಲ್ವಾ? ಗೋವಾದಲ್ಲಿ ಪೋರ್ಚುಗೀಸರ ಕಾಲದ ಕಾನೂನಿನಂತೆ ಮದುವೆಗೆ ಮೊದಲಿನ ಆಸ್ತಿ ಒಪ್ಪಂದಕ್ಕೆ ಬೆಲೆ ಇದೆ, ನಮ್ಮ ಕಾಸರಗೋಡಿಗೆ ಆ ಕಾನೂನು ಬರುವುದಿಲ್ಲ.

ಹಣದ ಮಾತು ಬೇರೆ. ತವರಿನ ಚಿನ್ನ ನಿಮ್ಮ ಸ್ತ್ರೀಧನ, ಅಂದರೆ ನಿಮ್ಮದೇ ಸ್ವಂತ ಆಸ್ತಿ. ಅದನ್ನು ಮಾರಿದ ಚೀಟಿ, ಬ್ಯಾಂಕಿನ ಪಾಸ್‌ಬುಕ್, ಬೋರ್‌ವೆಲ್‌ನವರ ಬಿಲ್ಲು ಮೂರನ್ನೂ ಒಂದೇ ಕವರಿನಲ್ಲಿ ಹಾಕಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಅದು ಸಾಲ ಅಂತ ಗಂಡ ಬರೆದುಕೊಡಲಿ, ಮೊತ್ತ ಮತ್ತು ತಾರೀಕು ಸ್ಪಷ್ಟವಾಗಿರಲಿ. ಸಾಲ ವಸೂಲಿಗೆ ಸಾಮಾನ್ಯವಾಗಿ ಮೂರೇ ವರ್ಷದ ಅವಧಿ, ಹಾಗಾಗಿ ತಡ ಮಾಡಬೇಡಿ. ಇದಕ್ಕಿಂತ ಗಟ್ಟಿ ದಾರಿ ಅಂದರೆ ತೋಟದ ಒಂದು ಪಾಲನ್ನು ಅವರು ನಿಮ್ಮ ಹೆಸರಿಗೆ ದಾನಪತ್ರ ಮಾಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದು. ಮನಸ್ಸಿದ್ದರೆ ಅವರು ಇದನ್ನೇ ಮಾಡಲಿ ಅಂತ ನನ್ನ ಮಾತು.

ಪತ್ರ ಮಲಯಾಳದಲ್ಲಿದ್ದರೆ, ನಿಮಗೆ ಓದಲು ಬಾರದಿದ್ದರೆ, ಸಹಿಗೆ ಮೊದಲು ನಿಮ್ಮ ಕಡೆಯ ವಕೀಲರಿಂದ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಿ.