ಬೆಳ್ಳಿ ಇಲ್ಲದ ಊರಿಗೆ ಬೆಳ್ಳಿಯ ದಾರಿ

ಪ್ರಶ್ನೆ: ಮೆಕ್ಸಿಕೋದ 'ಕಮೀನೋ ರೆಯಾಲ್ ದೆ ತಿಯೆರಾ ಅದೆಂತ್ರೊ', ಅಂದರೆ ಒಳನಾಡಿನ ರಾಜಮಾರ್ಗ, ಸ್ಪೇನಿನವರ ಆಳ್ವಿಕೆಯಲ್ಲಿ ಬೆಳ್ಳಿ ಸಾಗಿಸಿದ ದಾರಿ ಅಂತ ಓದಿದೆ. ಹಾಗಿದ್ದರೆ ಅದು ಈಗಿನ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸಾಂಟಾ ಫೆವರೆಗೂ ಹೋದದ್ದೇಕೆ? ಅಲ್ಲಿ ಬೆಳ್ಳಿ ಇರಲಿಲ್ಲ ಅಲ್ವಾ?

ಉತ್ತರ: ಇರಲಿಲ್ಲ, ಆಸೆ ಮಾತ್ರ ಇತ್ತು. 1546ರಲ್ಲಿ ಮೆಕ್ಸಿಕೋ ನಗರದ ಉತ್ತರಕ್ಕಿರುವ ಸಕಟೇಕಸ್‌ನಲ್ಲಿ ಬೆಳ್ಳಿ ಸಿಕ್ಕಿತು, ಮೆಕ್ಸಿಕೋ ನಗರದಿಂದ ಅಲ್ಲಿಗೆ ದಾರಿ ಬಿತ್ತು. ಬೆಳ್ಳಿ ದಕ್ಷಿಣಕ್ಕೆ ಇಳಿಯುತ್ತಿತ್ತು, ಅದಿರಿನಿಂದ ಅದನ್ನು ಬಿಡಿಸಲು ಬೇಕಾದ ಪಾದರಸ ಸ್ಪೇನಿನ ಅಲ್ಮಾದೆನ್ ಗಣಿಯಿಂದ ಹಡಗಿನಲ್ಲಿ ಬಂದು ಗಣಿಯೂರುಗಳ ಕಡೆ ಹತ್ತುತ್ತಿತ್ತು. ಇನ್ನೊಂದು ಸಕಟೇಕಸ್ ಸಿಕ್ಕೀತು ಎಂದು ಸ್ಪೇನಿನವರ ಪಡೆಯ ಮುಂದಾಳು ಹ್ವಾನ್ ದೆ ಓನ್ಯಾತೆ 1598ರಲ್ಲಿ ಜನ, ಗಾಡಿ, ದನ, ಕುರಿ ಎಲ್ಲ ಕಟ್ಟಿಕೊಂಡು ಈಗಿನ ನ್ಯೂ ಮೆಕ್ಸಿಕೋಗೆ ಹೋದ. ಸಿಗಲಿಲ್ಲ. ಆ ಪ್ರಾಂತ್ಯವನ್ನೇ ಕೈಬಿಡುವ ಮಾತು ಬಂದಾಗ, ಸಾವಿರಾರು ಜನ ಕ್ರೈಸ್ತರಾಗಿದ್ದಾರೆ ಎಂಬ ಪಾದ್ರಿಗಳ ವರದಿ ಅದನ್ನು ಉಳಿಸಿತು. ಜೊತೆಗೆ ದಾರಿಯೂ ಉಳಿಯಿತು, ಸುಮಾರು 2,600 ಕಿ.ಮೀ.

ಸಾಂಟಾ ಫೆ ಮುಟ್ಟಲು ಗಾಡಿಗಳಿಗೆ ಸುಮಾರು 6 ತಿಂಗಳು ಹಿಡಿಯುತ್ತಿತ್ತು. ಕೊನೆಯ ಭಾಗದಲ್ಲಿ ರಿಯೊ ಗ್ರಾಂದೆ ನದಿ ಪಕ್ಕಕ್ಕೆ ಬಾಗುತ್ತದೆ, ಅಲ್ಲಿನ ದಂಡೆಯಲ್ಲಿ ಗಾಡಿ ಓಡುವುದಿಲ್ಲ, ಹಾಗಾಗಿ ನದಿಯನ್ನು ಬಿಟ್ಟು ಸುಮಾರು 145 ಕಿ.ಮೀ. ನೀರಿಲ್ಲದ ಬಯಲನ್ನು ನೇರವಾಗಿ ದಾಟಬೇಕಿತ್ತು. ಅದರ ಹೆಸರು 'ಹೊರ್ನಾದಾ ದೆಲ್ ಮುಯೆರ್ತೊ'. ಸತ್ತವನ ಪಯಣ ಎಂದರ್ಥ.

ಪ್ರಶ್ನೆ: 2010ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಇದು ಸೇರಿತಂತೆ. ಈಗ ಏನು ಉಳಿದಿದೆ?

ಉತ್ತರ: ಪಟ್ಟಿಯಲ್ಲಿರುವುದು ಮೆಕ್ಸಿಕೋದೊಳಗಿನ ಸುಮಾರು 1,400 ಕಿ.ಮೀ. ಉದ್ದದ ಭಾಗ. ಸೇತುವೆ, ಚರ್ಚು, ಗಣಿ, ಜಮೀನ್ದಾರರ ಹಳೇ ಮನೆಗಳು ಅದರಲ್ಲಿವೆ. ಚೆಂದದ ಕಟ್ಟಡಗಳನ್ನು ಸುಮ್ನೆ ನೋಡಿ ಬಂದರೆ ಸಾಲದು ಅನಿಸುತ್ತದೆ ನನಗೆ. ಆ ನೆಲ ಖಾಲಿ ಇರಲಿಲ್ಲ, ಸ್ಪೇನಿನವರಿಗಿಂತ ಎಷ್ಟೋ ಮೊದಲು ಅಲ್ಲಿನ ಜನ ಉತ್ತರ ದಕ್ಷಿಣ ಓಡಾಡಿ ವ್ಯಾಪಾರ ಮಾಡುತ್ತಿದ್ದರು. 1599ರಲ್ಲಿ ಓನ್ಯಾತೆಯ ಸೈನಿಕರು ನ್ಯೂ ಮೆಕ್ಸಿಕೋದ ಮೂಲನಿವಾಸಿಗಳಾದ ಪುಯೆಬ್ಲೊ ಜನರ ಆಕೋಮಾ ಊರಿನಲ್ಲಿ ನೂರಾರು ಜನರನ್ನು ಕೊಂದರು. 1680ರಲ್ಲಿ ಪುಯೆಬ್ಲೊ ಜನ ಒಟ್ಟಾಗಿ ದಂಗೆಯೆದ್ದರು, ಬದುಕುಳಿದ ಸ್ಪೇನಿನವರು ಇದೇ ದಾರಿ ಹಿಡಿದು ದಕ್ಷಿಣದ ಎಲ್ ಪಾಸೊಗೆ ಓಡಿದರು. ಇದನ್ನೂ ಪರಂಪರೆಯಲ್ಲೇ ಸೇರಿಸಿ ಹೇಳಬೇಕು.

ನನಗೆ ಜಾಸ್ತಿ ಹಿಡಿಸುವುದು ನ್ಯೂ ಮೆಕ್ಸಿಕೋದ 'ಅಸೆಕಿಯಾ', ಅಂದರೆ ಹೊಲಕ್ಕೆ ನೀರು ತರುವ ಕಾಲುವೆ. ಅರಬ್ಬಿ ಪದ, ಸ್ಪೇನಿಗೆ ಹೋಗಿ, ಸಾಗರ ದಾಟಿ, ಈ ದಾರಿಯಲ್ಲಿ ಗಾಡಿಗಳ ಜೊತೆ ಬಂದಿದೆ. ಪುಯೆಬ್ಲೊ ರೈತರಿಗೂ ತಮ್ಮದೇ ಕಾಲುವೆಗಳಿದ್ದವು. ಈಗಲೂ ಅಸೆಕಿಯಾ ಇರುವ ಹಳ್ಳಿಗಳಲ್ಲಿ ವಸಂತ ಬಂತೆಂದರೆ 'ಮಯೊರ್ದೊಮೊ', ಅಂದರೆ ಕಾಲುವೆಯ ಮೇಲ್ವಿಚಾರಕ, ಜನರನ್ನು ಕರೆಯುತ್ತಾನೆ, ಎಲ್ಲರೂ ಸಲಿಕೆ ಹಿಡಿದು ಹೂಳು ತೆಗೆಯುತ್ತಾರೆ, ಆಮೇಲೆ ನೀರು ಬಿಡುತ್ತಾರೆ.