ಗೋಣಿಯಲ್ಲಿ ನೀರು ಹೊತ್ತವರು

ಪ್ರಶ್ನೆ: ಚೀನಾದ ಪಶ್ಚಿಮ ಭಾಗದ ತಕ್ಲಮಕಾನ್ ಮರುಭೂಮಿಯಲ್ಲಿ ಹೂತುಹೋದ ಊರುಗಳನ್ನು 1900ರ ಹೊತ್ತಿಗೇ ಪತ್ತೆ ಮಾಡಿದ್ದರಂತೆ. ಆಗ ವಿಮಾನವೂ ಇಲ್ಲ, ಜೀಪೂ ಇಲ್ಲ. ಹೇಗೆ ಹುಡುಕಿದರು? ಕುಡಿಯುವ ನೀರಿಗೆ ಏನು ಮಾಡುತ್ತಿದ್ದರು?

ಉತ್ತರ: ನೀರಿನ ವಿಷಯವೇ ಮೊದಲು. ಸ್ವೀಡನ್ನಿನ ಅನ್ವೇಷಕ ಸ್ವೆನ್ ಹೆಡಿನ್ 1895ರ ಏಪ್ರಿಲ್‌ನಲ್ಲಿ ಎಂಟು ಒಂಟೆ, ನಾಲ್ವರು ಆಳುಗಳ ಜೊತೆ ಈ ಮರಳಿಗೆ ಇಳಿದ. ಕೊನೆಯ ಕೆರೆಯಲ್ಲಿ ಹತ್ತು ದಿನಕ್ಕಾಗುವಷ್ಟು ನೀರು ತುಂಬಿಸಿ ಅಂದಿದ್ದ. ಅವರು ತುಂಬಿಸಿದ್ದು ನಾಲ್ಕು ದಿನಕ್ಕೆ. ಆಳುಗಳನ್ನು ಬೈಯುವವರು ಜಾಸ್ತಿ, ಆದರೆ ಯಜಮಾನ ಒಮ್ಮೆ ಇಣುಕಿ ನೋಡಬಹುದಿತ್ತು, ಅಲ್ವಾ? ಇಬ್ಬರು ವಾಪಸ್ ಬರಲಿಲ್ಲ. ಹೆಡಿನ್ ತೆವಳಿಕೊಂಡು ಖೋತಾನ್ ನದಿ ಮುಟ್ಟಿದರೆ ಅದೂ ಒಣಗಿತ್ತು. ಪುಣ್ಯಕ್ಕೆ ಒಂದು ಮಡುವಿನಲ್ಲಿ ನೀರಿತ್ತು. ಹೊಟ್ಟೆ ತುಂಬ ಕುಡಿದು, ಎರಡೂ ಬೂಟುಗಳಲ್ಲಿ ನೀರು ತುಂಬಿಕೊಂಡು, ಹಿಂದೆ ಬಿದ್ದಿದ್ದ ಆಳು ಕಾಸಿಮ್‌ನ ಬಾಯಿಗೆ ಹಿಡಿದ.

ಆಮೇಲೆ ಬುದ್ಧಿವಂತರು ಚಳಿಗಾಲದಲ್ಲೇ ಹೊರಟರು. ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಪುರಾತತ್ವಜ್ಞ ಆರೆಲ್ ಸ್ಟೈನ್ 1900ರ ಡಿಸೆಂಬರ್‌ನಲ್ಲಿ ದಂದಾನ್ ಒಯ್ಲಿಕ್ ಎಂಬ ಹೂತುಹೋದ ಊರಿಗೆ ಹೋದ. ಅಂಥ ಚಳಿಯಲ್ಲಿ ನೀರು ಗಟ್ಟಿಯಾಗುತ್ತದೆ. ಮಂಜುಗಡ್ಡೆಯನ್ನು ಗೋಣಿಗೆ ತುಂಬಿ ಒಂಟೆ ಮೇಲೆ ಹೇರಿದರೆ ಆಯ್ತು. ಸೋರುವುದಿಲ್ಲ, ಚೆಲ್ಲುವುದಿಲ್ಲ, ಬೇಕಾದಾಗ ಕರಗಿಸಿಕೊಳ್ಳಬಹುದು. ಇದಕ್ಕೆ ತೆತ್ತ ಬೆಲೆ ಚಳಿ. ರಾತ್ರಿ ತುಪ್ಪಳದ ಕೋಟನ್ನು ತಲೆ ಮೇಲೆ ಎಳೆದುಕೊಂಡು, ಅದರ ತೋಳಿನ ತೂತಿನಿಂದ ಉಸಿರಾಡುತ್ತಾ ಮಲಗುತ್ತಿದ್ದ.

ಇನ್ನು ಊರು ಹುಡುಕಿದ್ದು. ನಿಜ ಹೇಳಬೇಕೆಂದರೆ ದಾರಿ ಗೊತ್ತಿದ್ದದ್ದು ಅಲ್ಲಿಯವರಿಗೆ. ನಿಧಿ ಆಸೆಗೆ ಮರಳಲ್ಲಿ ಅಲೆಯುತ್ತಿದ್ದ ಮುದುಕ ತುರ್ದಿಯೇ ಸ್ಟೈನ್‌ಗೆ ದಂದಾನ್ ಒಯ್ಲಿಕ್ ತೋರಿಸಿದ್ದು. ನಿಯಾ ಎಂಬ ಊರಲ್ಲಿ ಇಬ್ರಾಹಿಂ ಎಂಬಾತ ಎರಡು ಮರದ ಹಲಗೆ ತಂದಿದ್ದ. ಅದರ ಮೇಲಿದ್ದದ್ದು ಪ್ರಾಚೀನ ವಾಯವ್ಯ ಭಾರತದ ಖರೋಷ್ಠಿ ಲಿಪಿ, ಭಾಷೆ ನಮ್ಮ ಕಡೆಯ ಪ್ರಾಕೃತ! ಅವು ಸಿಕ್ಕಿದ್ದ ಪಾಳು ಜಾಗದಲ್ಲಿ ಅಗೆದಾಗ ಅಂಥವು ರಾಶಿಗಟ್ಟಲೆ ಸಿಕ್ಕವು. ಎರಡು ಹಲಗೆ ಜೋಡಿಸಿ, ದಾರ ಸುತ್ತಿ, ಮಣ್ಣಿನ ಮುದ್ರೆ ಒತ್ತಿದ ಪತ್ರಗಳು. ಕೆಲವು ಮುದ್ರೆಗಳಲ್ಲಿ ಗ್ರೀಕ್ ದೇವತೆ ಅಥೀನಾ.

ಲೌಲಾನ್ ಎಂಬ ಇನ್ನೊಂದು ಹೂತ ಊರು ಪತ್ತೆಯಾದದ್ದು ಒಂದು ಸಲಿಕೆಯಿಂದ. 1900ರ ಮಾರ್ಚ್‌ನಲ್ಲಿ ಹೆಡಿನ್‌ನ ಆಳು ಓರ್ದೆಕ್ ಅದನ್ನು ಹಿಂದಿನ ಬಿಡಾರದಲ್ಲಿ ಮರೆತು ಬಂದ. ಬಾವಿ ತೋಡಲು ಅದು ಬೇಕೇ ಬೇಕು. ತರಲು ಹೋದವನು ಬಿರುಗಾಳಿಯಲ್ಲಿ ದಾರಿ ತಪ್ಪಿ, ಪಾಳುಬಿದ್ದ ಮನೆಗಳ ನಡುವೆ ನಿಂತಿದ್ದ. ಕೆತ್ತನೆಯ ಹಲಗೆಗಳ ಸಮೇತ ವಾಪಸ್ ಬಂದ. ಹೆಡಿನ್‌ಗೆ ಆಗಲೇ ಓಡಬೇಕೆನಿಸಿತು. ಆದರೆ ನೀರು ಸಾಲದು. ಈ ಸಲ ಸುಮ್ನೆ ಹಿಂದಿರುಗಿದ, 1901ರಲ್ಲಿ ಮತ್ತೆ ಬಂದು ಅಗೆದ.